ಸಭೆಯ ಪ್ರಶ್ನೆ, ಸಮಾಧಾನದ ಉತ್ತರ



ನಿಮ್ಮ ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣ ನಡೆಯುತ್ತಿದೆ ಎಂದು ಇಟ್ಟುಕೊಳ್ಳಿ. ಹಿಂದಿನ ತಿಂಗಳು ನೀವು ಗೆಳೆಯ ಗೆಳತಿಯರೊಡನೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಪ್ರವಾಸ ಹೋಗಿ ಬಂದಿದ್ದೀರಿ. ಅಲ್ಲಿನ ಶಾಂತಿನಾಥ ಬಸದಿ, ಸೋಮೇಶ್ವರ ದೇವಾಲಯ, ತ್ರಿಮೂರ್ತಿ ದೇವಾಲಯಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡಿದ್ದೀರಿ. ಗ್ರಂಥಾಲಯದಲ್ಲಿ ಕುಳಿತು ಓದಿದ್ದೀರಿ. ಈಗ ವೇದಿಕೆಯ ಮೇಲೆ ನಿಂತು, ಬಂದಳಿಕೆಯ ಶಾಸನದಲ್ಲಿ ಬರುವ ಜಕ್ಕಿಯಬ್ಬೆ ಎಂಬ ಹೆಣ್ಣುಮಗಳ ಬಗ್ಗೆ ಹದಿನೈದು ನಿಮಿಷ ಮಾತನಾಡಿ ಮುಗಿಸಿದ್ದೀರಿ. ಚಪ್ಪಾಳೆಯೂ ಬಿದ್ದಿದೆ. ಕುಳಿತುಕೊಳ್ಳೋಣ ಎನ್ನುವಷ್ಟರಲ್ಲಿ ಅಧ್ಯಕ್ಷರು ಹೇಳುತ್ತಾರೆ: "ಈಗ ಸಭಿಕರು ಪ್ರಶ್ನೆ ಕೇಳಬಹುದು."

ಆಗ ಗಂಟಲು ಒಣಗುತ್ತದೆ. ಕೈಯಲ್ಲಿದ್ದ ಕಾಗದ ಮೆಲ್ಲಗೆ ನಡುಗುತ್ತದೆ. ಹದಿನೈದು ನಿಮಿಷ ಸರಾಗವಾಗಿ ಆಡಿದ ಮಾತು ಒಮ್ಮೆಗೇ ಎಲ್ಲಿ ಹೋಯಿತು?

ಕಾರಣ ಸರಳವಾಗಿದೆ. ಭಾಷಣಕ್ಕೆ ನೀವು ಹದಿನೈದು ದಿನ ಸಿದ್ಧತೆ ಮಾಡಿಕೊಂಡಿರಿ. ಪ್ರಶ್ನೆಗಳಿಗೆ ಸಿದ್ಧತೆಯನ್ನೇ ಮಾಡಿಕೊಳ್ಳಲಿಲ್ಲ. ಭಾಷಣದಲ್ಲಿ ದಾರಿ ನಿಮ್ಮದು. ಪ್ರಶ್ನೆಯಲ್ಲಿ ದಾರಿ ಕೇಳುವವರದು. ಹಾಗಾದರೆ ಇದಕ್ಕೆ ಸಿದ್ಧತೆ ಸಾಧ್ಯವೆ? ಸಾಧ್ಯ. ಅದಕ್ಕೆ ಬೇಕಾದ ಪಾಠಗಳು ಬಂದಳಿಕೆಯ ಆಸುಪಾಸಿನಲ್ಲೇ ದೊರೆಯುತ್ತವೆ. ಬನ್ನಿ, ಒಂದೊಂದಾಗಿ ನೋಡೋಣ.

ಜಕ್ಕಿಯಬ್ಬೆ ಯಾರು?

ಉದಾಹರಣೆಗೆ ತೆಗೆದುಕೊಂಡ ವಿಷಯವನ್ನು ಮೊದಲು ತಿಳಿದುಕೊಳ್ಳೋಣ. ಬಂದಳಿಕೆಯ ಹಳೆಯ ಹೆಸರು ಬಂದಣಿಕೆ. ಅದು ನಾಗರಖಂಡ 70 ಎಂಬ ನಾಡಿನ ಮುಖ್ಯ ಸ್ಥಳ. ಬನವಾಸಿ 12000 ಎಂಬ ದೊಡ್ಡ ಪ್ರಾಂತದೊಳಗೆ ಈ ಚಿಕ್ಕ ನಾಡು ಸೇರಿತ್ತು. ರಾಷ್ಟ್ರಕೂಟರ ಕಾಲದಲ್ಲಿ, ಅಂದರೆ ಇಂದಿಗೆ ಸುಮಾರು 1100 ವರ್ಷಗಳ ಹಿಂದೆ, ಸತ್ತರಸ ನಾಗಾರ್ಜುನ ಎಂಬವನು ಇಲ್ಲಿಯ ನಾಳ್ಗಾವುಂಡನಾಗಿದ್ದ. ನಾಳ್ಗಾವುಂಡನೆಂದರೆ ನಾಡಿನ ಮುಖಂಡ. ಅವನು ತೀರಿಕೊಂಡಾಗ ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಹೆಣ್ಣಾಗಿದ್ದರೂ ನಾಡನ್ನು ಚೆನ್ನಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಕೊನೆಗೆ ದೇಹಕ್ಕೆ ವ್ಯಾಧಿ ಬಂದಾಗ ಮಗಳನ್ನು ಕರೆದು ತನ್ನ ಹೊಣೆಯನ್ನು ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಜೈನ ವ್ರತವನ್ನು ಕೈಗೊಂಡು ಪ್ರಾಣ ಬಿಟ್ಟಳು.

ಎಷ್ಟು ಚಿಕ್ಕ ಕಥೆ! ಆದರೆ ಇದರಲ್ಲಿ ಎಷ್ಟು ಪ್ರಶ್ನೆಗಳು ಅಡಗಿವೆ ಎಂಬುದನ್ನು ಮುಂದೆ ನೋಡುವಿರಿ.

ವಾದಿಗಳ ನಾಡು

ಇದೇ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಪಂಡಿತರ ಊರು. ಅಲ್ಲಿನ 1036ರ ಸುಮಾರಿನ ಒಂದು ಶಾಸನದಲ್ಲಿ ವಾದಿ ರುದ್ರಗಣ ಲಾಕುಳೀಶ್ವರ ಪಂಡಿತನೆಂಬ ಆಚಾರ್ಯನ ವರ್ಣನೆ ಬರುತ್ತದೆ. 'ವಾದಿ' ಎಂಬುದು ಅವನ ಹೆಸರಿನ ಮುಂದಿರುವ ಬಿರುದು. ಯಾವ ಯಾವ ಮತದ ಪಂಡಿತರನ್ನು ಅವನು ವಾದದಲ್ಲಿ ಸೋಲಿಸಿದನೆಂದು ಶಾಸನ ಪಟ್ಟಿಯನ್ನೇ ಕೊಡುತ್ತದೆ. ಅಂದಿನ ಸಭೆಗಳಲ್ಲಿ ಗೆಲುವು ಸೋಲುಗಳಿಗೆ ಅಷ್ಟು ಬೆಲೆ ಇತ್ತು.

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ 1162ರ ಶಾಸನ ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಆ ಮಠದಲ್ಲಿ ವೇದ, ವ್ಯಾಕರಣ, ಪುರಾಣ, ಕಾವ್ಯ, ನಾಟಕಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿತ್ತು. ಗಮನಿಸಿ, ಅದು ಶೈವ ಮಠ. ಶೈವ ಮಠದಲ್ಲಿ ಬೌದ್ಧರ ಮತವನ್ನು ಏಕೆ ಓದಬೇಕು? ಎದುರು ಪಕ್ಷದವರು ಏನು ಹೇಳುತ್ತಾರೆಂಬುದು ತಿಳಿಯದೆ ತನ್ನ ಪಕ್ಷವನ್ನು ಮಂಡಿಸುವುದು ಹೇಗೆ? ನಮ್ಮ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ 'ಪೂರ್ವಪಕ್ಷ' ಎಂದು ಹೆಸರು. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಮೊದಲು ಹೇಳಿ, ಆಮೇಲೆ ತನ್ನ ಮಾತನ್ನು ಹೇಳುವುದು ಅಲ್ಲಿನ ಕ್ರಮ.

ನಿಮಗೆ ಇದೇ ಮೊದಲ ಪಾಠ. ಭಾಷಣ ಬರೆದು ಮುಗಿಸಿದ ಮೇಲೆ ಅದನ್ನು ಇನ್ನೊಬ್ಬರು ಬರೆದದ್ದೆಂದು ತಿಳಿದು ಓದಿ. ಎಲ್ಲಿ ಅನುಮಾನ ಬರುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಸಭೆ ಕೇಳಬಹುದಾದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಗುರುತುಗಳಲ್ಲೇ ಇರುತ್ತವೆ.

ಪ್ರಶ್ನೆಯ ಹಿಂದಿನ ಮನಸ್ಸು

ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ವಾದ, ಜಲ್ಪ, ವಿತಂಡೆ. ಸತ್ಯವನ್ನು ತಿಳಿಯಬೇಕೆಂದು ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ನಡೆಸುವುದು ಜಲ್ಪ. ತನ್ನದೇ ಆದ ಪಕ್ಷವಿಲ್ಲದೆ, ಎದುರಿನವರ ಮಾತನ್ನು ಒಡೆಯುವುದೊಂದೇ ಗುರಿಯಾದರೆ ಅದು ವಿತಂಡೆ. ಇಂದಿಗೂ ನಾವು "ವಿತಂಡವಾದ ಮಾಡಬೇಡ" ಎನ್ನುತ್ತೇವಲ್ಲ, ಆ ಮಾತು ಇಲ್ಲಿಂದಲೇ ಬಂದದ್ದು.

ನಿಮಗೆ ಬರುವ ಪ್ರಶ್ನೆಗಳೂ ಈ ಮೂರರಲ್ಲಿ ಒಂದಾಗಿರುತ್ತವೆ. ಆದರೆ ಒಂದು ಎಚ್ಚರಿಕೆ. ದನಿ ಗಡುಸಾಗಿದೆ ಎಂದ ಮಾತ್ರಕ್ಕೆ ಪ್ರಶ್ನೆ ಜಲ್ಪವಾಗುವುದಿಲ್ಲ. ಕೆಲವರ ದನಿಯೇ ಹಾಗೆ. ಆದ್ದರಿಂದ ಯಾವ ಪ್ರಶ್ನೆ ಬಂದರೂ ಮೊದಲು ಅದನ್ನು ವಾದವೆಂದೇ ತಿಳಿಯಿರಿ. ತಿಳಿಯಬೇಕೆಂಬ ಆಸೆಯಿಂದ ಕೇಳಿದ್ದಾರೆಂದು ನಂಬಿ ಉತ್ತರಿಸಿ. ಕೇಳಿದವರ ಮನಸ್ಸಿನಲ್ಲಿ ಜಲ್ಪವಿದ್ದರೂ ಸಭೆಯ ಮನಸ್ಸಿನಲ್ಲಿ ಇರುವುದಿಲ್ಲ. ನಿಮ್ಮ ಉತ್ತರ ಕೇಳಿದ ಒಬ್ಬರಿಗಲ್ಲ, ಕುಳಿತಿರುವ ಎಲ್ಲರಿಗೆ. ಇದನ್ನು ಮರೆಯಬೇಡಿ.

ಮೊದಲು ಮತ್ತೆ ಹೇಳಿ

ಅದೇ ನ್ಯಾಯಸೂತ್ರದಲ್ಲಿ ಸಭೆಯಲ್ಲಿ ಸೋಲಿಗೆ ಕಾರಣವಾಗುವ ಇಪ್ಪತ್ತೆರಡು ತಪ್ಪುಗಳನ್ನು ಹೆಸರಿಸಿದ್ದಾರೆ. ಅವಕ್ಕೆ ನಿಗ್ರಹಸ್ಥಾನಗಳೆಂದು ಹೆಸರು. ಅವುಗಳಲ್ಲಿ ಒಂದು 'ಅನನುಭಾಷಣ'. ಎದುರಿನವರು ಮೂರು ಸಲ ಹೇಳಿ, ಸಭೆಗೂ ಅರ್ಥವಾಗಿರುವ ಮಾತನ್ನು ತಿರುಗಿ ಹೇಳಲಾರದೆ ಹೋಗುವುದೇ ಆ ತಪ್ಪು. ಪ್ರಶ್ನೆಯನ್ನು ತಿರುಗಿ ಹೇಳಲು ಬಾರದವರು ಅದಕ್ಕೆ ಉತ್ತರ ಹೇಗೆ ಕೊಟ್ಟಾರು?

ಆದ್ದರಿಂದ ಪ್ರಶ್ನೆ ಬಂದ ಕೂಡಲೇ ಉತ್ತರಕ್ಕೆ ಹಾರಬೇಡಿ. "ನೀವು ಕೇಳುತ್ತಿರುವುದು ಇದು, ಅಲ್ಲವೆ?" ಎಂದು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ಇದರಿಂದ ಮೂರು ಲಾಭ. ಹಿಂದಿನ ಸಾಲಿನವರಿಗೂ ಪ್ರಶ್ನೆ ಕೇಳಿಸುತ್ತದೆ. ನೀವು ತಪ್ಪು ತಿಳಿದಿದ್ದರೆ ಕೇಳಿದವರು ತಿದ್ದುತ್ತಾರೆ. ಯೋಚಿಸಲು ನಿಮಗೆ ಹತ್ತು ಸೆಕೆಂಡು ಸಿಗುತ್ತದೆ. ಬೇಕಾದರೆ ಒಂದು ಗುಟುಕು ನೀರು ಕುಡಿಯಿರಿ. ಹತ್ತು ಸೆಕೆಂಡಿನ ಮೌನ ವೇದಿಕೆಯ ಮೇಲಿರುವವರಿಗೆ ಒಂದು ಯುಗವೆನಿಸುತ್ತದೆ. ಕೆಳಗೆ ಕುಳಿತವರಿಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನು ಬಂದಳಿಕೆಯ ಭಾಷಣಕ್ಕೆ ಬರಬಹುದಾದ ನಾಲ್ಕು ಕಷ್ಟದ ಪ್ರಶ್ನೆಗಳನ್ನು ನೋಡೋಣ.

ಒಂದು: ಇಸವಿಯ ಪ್ರಶ್ನೆ

ಇತಿಹಾಸದ ಉಪನ್ಯಾಸಕರು ಎದ್ದು ಕೇಳುತ್ತಾರೆ: "ನೀವು ಜಕ್ಕಿಯಬ್ಬೆಯ ಕಾಲವನ್ನು 918 ಎಂದಿರಿ. ನಾನು 911 ಎಂದು ಓದಿದ್ದೇನಲ್ಲ?"

ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಹೆದರಿ "ಹೌದು ಸಾರ್, 911 ಸರಿ" ಎಂದು ಬಿಡುವುದು ಒಂದು. "ಇಲ್ಲ, 918ರೇ ಸರಿ" ಎಂದು ಹಟ ಹಿಡಿಯುವುದು ಇನ್ನೊಂದು. ಎರಡೂ ಬೇಡ. "ಪುಸ್ತಕಗಳಲ್ಲಿ ಎರಡು ಇಸವಿಗಳೂ ಕಾಣುತ್ತವೆ. ನಾನು 918 ಎಂದು ಕೊಟ್ಟಿರುವ ಪುಸ್ತಕವನ್ನು ಅನುಸರಿಸಿದೆ. ಮೂಲ ಪಾಠವನ್ನು ನೋಡಿ ತಮಗೆ ತಿಳಿಸುತ್ತೇನೆ" ಎನ್ನಿ. ಹೀಗೆ ಹೇಳಲು ನಿಮ್ಮ ಟಿಪ್ಪಣಿಯಲ್ಲಿ ಪ್ರತಿಯೊಂದು ಇಸವಿಯ ಪಕ್ಕದಲ್ಲಿ ಅದನ್ನು ಎಲ್ಲಿಂದ ತೆಗೆದುಕೊಂಡಿರೆಂದು ಬರೆದಿರಬೇಕು.

ಮೂಲ ಪಾಠವನ್ನು ಎಲ್ಲಿ ನೋಡುವುದು? ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ. ಶಿಕಾರಿಪುರ ತಾಲ್ಲೂಕಿನ ಶಾಸನಗಳು 1902ರಲ್ಲಿ ಬಂದ 7ನೆಯ ಸಂಪುಟದಲ್ಲಿವೆ; ಪಕ್ಕದ ಸೊರಬ ತಾಲ್ಲೂಕಿನವು 8ನೆಯದರಲ್ಲಿ. ದೊಡ್ಡ ಗ್ರಂಥಾಲಯಗಳಲ್ಲಿ ಇವು ದೊರೆಯುತ್ತವೆ. ಹುಡುಕಿ ನೋಡಿ, ಮರುದಿನ ಆ ಉಪನ್ಯಾಸಕರಿಗೆ ಹೋಗಿ ಹೇಳಿ. "ನೋಡಿ ತಿಳಿಸುತ್ತೇನೆ" ಎಂದು ಹೇಳಿ ಮರೆತರೆ, ಮುಂದಿನ ಸಲ ಆ ಮಾತಿಗೆ ಬೆಲೆ ಇರುವುದಿಲ್ಲ.

ಎರಡು: ಅಳತೆ ಮೀರಿದ ಪ್ರಶ್ನೆ

ಸಹಪಾಠಿಯೊಬ್ಬಳು ಕೇಳುತ್ತಾಳೆ: "ಹಾಗಾದರೆ ಆ ಕಾಲದಲ್ಲಿ ಹೆಂಗಸರಿಗೆ ಗಂಡಸರಷ್ಟೇ ಅಧಿಕಾರ ಇತ್ತು ಅಂತ ಆಯಿತಲ್ಲವಾ?"

ಇದು ಆಸೆ ಹುಟ್ಟಿಸುವ ಪ್ರಶ್ನೆ. "ಹೌದು" ಎಂದರೆ ಚಪ್ಪಾಳೆ ಖಂಡಿತ. ಆದರೆ ಕಲ್ಲು ಎಷ್ಟು ಹೇಳುತ್ತದೋ ಅಷ್ಟನ್ನೇ ನೀವು ಹೇಳಬೇಕು. ಶಾಸನ ಹೇಳುವುದು ಒಬ್ಬಳ ಕಥೆ. ಅವಳಿಗೆ ಪದವಿ ಬಂದದ್ದು ಗಂಡ ತೀರಿಕೊಂಡ ಮೇಲೆ. ಅದೂ ಅಲ್ಲದೆ, "ಹೆಣ್ಣಾಗಿದ್ದರೂ" ಚೆನ್ನಾಗಿ ಆಳಿದಳೆಂದು ಬರೆಯಬೇಕಾಯಿತೆಂದರೆ, ಅದು ದಿನನಿತ್ಯ ಕಾಣುವ ಸಂಗತಿಯಾಗಿರಲಿಲ್ಲವೆಂದು ತೋರುತ್ತದೆ. ಆದ್ದರಿಂದ, "ಒಬ್ಬ ಹೆಣ್ಣು ನಾಡಿನ ಮುಖ್ಯಸ್ಥೆಯಾಗುವುದು ಸಾಧ್ಯವಿತ್ತು ಎಂದು ಈ ಶಾಸನದಿಂದ ಹೇಳಬಹುದು. ಎಲ್ಲ ಹೆಂಗಸರಿಗೂ ಸಾಧ್ಯವಿತ್ತು ಎಂದು ಹೇಳಲು ಇದೊಂದು ಸಾಲದು" ಎನ್ನುವುದೇ ಸರಿಯಾದ ಉತ್ತರ. ಚಪ್ಪಾಳೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ನಿಮ್ಮ ಮಾತು ನಿಲ್ಲುತ್ತದೆ.

ಮೂರು: ನೋಯಿಸಬಹುದಾದ ಪ್ರಶ್ನೆ

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗುತ್ತಾನೆ: "ಊಟ ಬಿಟ್ಟು ಪ್ರಾಣ ಬಿಡುವುದು ಆತ್ಮಹತ್ಯೆ ಅಲ್ಲವೇನ್ರೀ? ಅದನ್ನು ಹೊಗಳುತ್ತೀರಲ್ಲ!"

ಸಭೆಯಲ್ಲಿ ಒಮ್ಮೆಗೇ ಗುಜುಗುಜು. ಅಲ್ಲಿ ಜೈನ ಮನೆತನದ ವಿದ್ಯಾರ್ಥಿಗಳಿದ್ದಾರೆ. ಅವರ ಅಜ್ಜ ಅಜ್ಜಿಯರ ನಂಬಿಕೆಯ ಮಾತಿದು. ಪ್ರಶ್ನೆ ಕೇಳಿದವನೂ ಸುಮ್ಮನೆ ಕೇಳಿಲ್ಲ. ಜೀವದ ಬೆಲೆಯ ಬಗ್ಗೆ ಅವನಿಗೂ ಕಾಳಜಿ ಇರಬಹುದು. ಈಗ ನೀವು ಆಡುವ ಒಂದು ಮಾತು ಸಭೆಯನ್ನು ಎರಡಾಗಿ ಒಡೆಯಬಲ್ಲದು.

ಇಂಥ ಕಡೆ ಮೂರು ಮೆಟ್ಟಿಲುಗಳನ್ನು ಬಿಡದೆ ಹತ್ತಿ. ಮೊದಲು ಶಾಸನ ಹೇಳುವುದು: ಜಕ್ಕಿಯಬ್ಬೆ ವ್ಯಾಧಿ ಬಂದಾಗ, ಹೊಣೆಯನ್ನು ಮಗಳಿಗೆ ಒಪ್ಪಿಸಿ, ವ್ರತ ಕೈಗೊಂಡಳು. ಎರಡನೆಯದು ಸಂಪ್ರದಾಯ ಹೇಳುವುದು: ಜೈನರು ಇದನ್ನು ಸಲ್ಲೇಖನ ಎನ್ನುತ್ತಾರೆ, ಮುಪ್ಪು ಅಥವಾ ವಾಸಿಯಾಗದ ರೋಗ ಬಂದಾಗ ಗುರುವಿನ ಅನುಮತಿ ಪಡೆದು ಮಾಡುವ ವ್ರತವಿದು, ದುಃಖದಿಂದಲೋ ಆವೇಶದಿಂದಲೋ ಪ್ರಾಣ ಕಳೆದುಕೊಳ್ಳುವುದು ಬೇರೆ ಎಂಬುದು ಅವರ ನಿಲುವು. ಮೂರನೆಯದು ಇಂದಿನ ಚರ್ಚೆ: ಈ ಆಚರಣೆಯನ್ನು ಒಪ್ಪದವರೂ ಇದ್ದಾರೆ, 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನ ಹೈಕೋರ್ಟು ಇದನ್ನು ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಇಷ್ಟು ಹೇಳಿ ನಿಲ್ಲಿಸಿ. "ನಾನು ಇಲ್ಲಿ ತೀರ್ಪು ಕೊಡಲು ನಿಂತಿಲ್ಲ, ಶಾಸನವನ್ನು ಪರಿಚಯಿಸಲು ನಿಂತಿದ್ದೇನೆ" ಎನ್ನುವುದು ಜಾರಿಕೊಳ್ಳುವ ಮಾತಲ್ಲ. ಆದರೆ ಮೇಲಿನ ಮೂರು ಮೆಟ್ಟಿಲು ಹತ್ತದೆ, ಕೇವಲ ಆ ಒಂದು ಮಾತನ್ನು ಹೇಳಿ ಕುಳಿತರೆ ಅದು ಜಾರಿಕೊಳ್ಳುವುದೇ ಆಗುತ್ತದೆ. ಬೇರೆ ಕೆಲಸವಿದೆಯೆಂದು ನೆಪ ಹೇಳಿ ಚರ್ಚೆಯಿಂದ ಎದ್ದು ಹೋಗುವುದನ್ನು ನ್ಯಾಯಸೂತ್ರ 'ವಿಕ್ಷೇಪ' ಎಂದು ಕರೆದು ಸೋಲಿನ ಪಟ್ಟಿಗೆ ಸೇರಿಸಿದೆ. "ಸಮಯವಿಲ್ಲ" ಎಂದು ನಾವು ತಪ್ಪಿಸಿಕೊಳ್ಳುವುದೂ ಅದೇ ಜಾತಿಯದು.

ನಾಲ್ಕು: ಊರವರ ಪ್ರಶ್ನೆ

ಬಂದಳಿಕೆ ಸೀಮೆಯಿಂದ ಬಂದ ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ. "ಒಂದು ದಿನ ಬಂದು ನೋಡ್ಕೊಂಡು ಹೋದೋರು ನೀವು. ಹುಟ್ಟಿದಾಗಿಂದ ಅಲ್ಲೇ ಇರೋರು ನಾವು. ನಮ್ಮ ಹಿರೀಕರು ಬೇರೆ ಹೇಳ್ತಿದ್ರು ತಂಗಿ. ನಿಂಗೇನು ಗೊತ್ತು?"

ಇದು ಪ್ರಶ್ನೆಯೋ ಆಕ್ಷೇಪವೋ ಎಂದು ನಿಮಗೆ ಗೊಂದಲವಾಗಬಹುದು. "ನೀವು ಶಾಸನ ಓದಿದ್ದೀರಾ?" ಎಂದು ತಿರುಗಿ ಕೇಳಬೇಕೆಂದೂ ಅನ್ನಿಸಬಹುದು. ತನ್ನ ಮೇಲಿನ ಆಕ್ಷೇಪಕ್ಕೆ ಉತ್ತರ ಕೊಡದೆ ಎದುರಿನವರಲ್ಲೂ ಅದೇ ದೋಷವಿದೆ ಎನ್ನುವುದು 'ಮತಾನುಜ್ಞೆ' ಎಂಬ ತಪ್ಪು. ತನ್ನ ದೋಷವನ್ನು ಒಪ್ಪಿಕೊಂಡಂತೆಯೇ ಸರಿ. ಅದರ ಬದಲು, "ಅಜ್ಜಾ, ನಾನು ನೋಡಿದ್ದು ಒಂದೇ ದಿನ, ನಿಜ. ನಾನು ಹೇಳಿದ್ದು ಕಲ್ಲಿನ ಮೇಲೆ ಬರೆದದ್ದು. ನಿಮ್ಮ ಹಿರಿಯರು ಹೇಳಿದ್ದನ್ನೂ ಬರೆದುಕೊಳ್ಳಬೇಕು. ಸಭೆ ಮುಗಿದ ಮೇಲೆ ನನಗೆ ಹೇಳುತ್ತೀರಾ?" ಎನ್ನಿ. ಇದು ಬರಿಯ ಸೌಜನ್ಯವಲ್ಲ. ಬರಹದ ಸಾಕ್ಷ್ಯ ಬೇರೆ, ಬಾಯಿಮಾತಿನ ಸಾಕ್ಷ್ಯ ಬೇರೆ ಎಂದು ಸಭೆಗೆ ತಿಳಿಸಿದಂತಾಯಿತು. ಎರಡಕ್ಕೂ ಇತಿಹಾಸದಲ್ಲಿ ಜಾಗವಿದೆ. ಸಭೆ ಮುಗಿದ ಮೇಲೆ ಪುಸ್ತಕ, ಪೆನ್ನು ಹಿಡಿದು ಅವರ ಬಳಿ ಹೋಗಿ ಕುಳಿತುಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಮಾತಿನ ಬಲೆ

ಕೆಲವೊಮ್ಮೆ ನಿಮ್ಮ ಮಾತಿಗೆ ನೀವು ಉದ್ದೇಶಿಸದ ಅರ್ಥ ಹಚ್ಚಿ ಕಾಡುವವರಿರುತ್ತಾರೆ. ಹಳಬರು ಇದನ್ನು 'ವಾಕ್‌ಛಲ' ಎಂದರು. ಅವರು ಕೊಡುವ ಉದಾಹರಣೆ ಸೊಗಸಾಗಿದೆ. ಒಬ್ಬನು 'ನವಕಂಬಳಿ' ಹೊದ್ದಿದ್ದಾನೆಂದು ಯಾರೋ ಹೇಳುತ್ತಾರೆ. ಹೇಳಿದವರ ಅರ್ಥ ಹೊಸ ಕಂಬಳಿ. "ಎಲ್ಲಿ ಒಂಬತ್ತು ಕಂಬಳಿ? ಒಂದೇ ಇದೆಯಲ್ಲ!" ಎನ್ನುತ್ತಾನೆ ಛಲವಾದಿ. ಇದಕ್ಕೆ ಸಿಟ್ಟು ಬೇಡ. "ನಾನು ಆ ಮಾತನ್ನು ಈ ಅರ್ಥದಲ್ಲಿ ಬಳಸಿದೆ" ಎಂದು ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಿ ಮುಂದೆ ಹೋಗಿ. ಪ್ರಶ್ನೆಯ ಹೆಸರಿನಲ್ಲಿ ತಾವೇ ಭಾಷಣ ಮಾಡುವವರಿದ್ದರೆ, ಅವರನ್ನು ತಡೆಯುವ ಕೆಲಸ ನಿಮ್ಮದಲ್ಲ, ಅಧ್ಯಕ್ಷರದು. ಅವರತ್ತ ಒಮ್ಮೆ ನೋಡಿ ಸುಮ್ಮನಿರಿ.

ಉಡುತಡಿಯ ಹೆಣ್ಣು, ಬಳ್ಳಿಗಾವಿಯ ಗುರು

ಕನ್ನಡದಲ್ಲಿ ಕಠಿಣ ಪ್ರಶ್ನೆಗಳ ಅತ್ಯಂತ ಪ್ರಸಿದ್ಧ ಪ್ರಸಂಗದ ಇಬ್ಬರೂ ಈ ಸೀಮೆಯವರೇ. ಅಲ್ಲಮಪ್ರಭು ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು. ಎರಡೂ ಊರುಗಳು ಶಿಕಾರಿಪುರ ತಾಲ್ಲೂಕಿನವು. ಅಕ್ಕ ಕಲ್ಯಾಣದ ಶರಣರ ಸಭೆಗೆ ಬಂದಾಗ ಅಲ್ಲಮ ಅವಳನ್ನು ಪರೀಕ್ಷಿಸಿದ ಸಂವಾದ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಶರಣರ ಕಾಲ 12ನೆಯ ಶತಮಾನ. ಶೂನ್ಯಸಂಪಾದನೆ ಆಮೇಲೆ, ವಚನಗಳನ್ನು ಸಂವಾದವಾಗಿ ಜೋಡಿಸಿ ರಚಿಸಿದ ಕೃತಿ. ಆದ್ದರಿಂದ ಅದನ್ನು ಅಂದಿನ ಸಭೆಯ ವರದಿಯೆಂದು ಓದಬಾರದು. ಆದರೂ ಅದರಿಂದ ಕಲಿಯುವುದು ಬಹಳವಿದೆ.

ಅಲ್ಲಮನ ಪ್ರಶ್ನೆಗಳು ಮೆತ್ತಗಿಲ್ಲ. ನಿನ್ನ ಗಂಡ ಯಾರೆಂದು ಕೇಳುತ್ತಾನೆ. ಉಡುಗೆಯನ್ನೇ ಬಿಟ್ಟವಳು ಮೈಯನ್ನು ಕೂದಲಿನಿಂದ ಏಕೆ ಮರೆಸಿಕೊಂಡೆ ಎಂದು ಕೇಳುತ್ತಾನೆ. ತುಂಬಿದ ಸಭೆಯಲ್ಲಿ ಒಬ್ಬ ಎಳೆಯ ಹೆಣ್ಣಿಗೆ ಇಂಥ ಪ್ರಶ್ನೆ! ಅಕ್ಕ ಅಳುವುದಿಲ್ಲ, ರೇಗುವುದಿಲ್ಲ, ಮುಖ ತಿರುಗಿಸುವುದಿಲ್ಲ. ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಮರೆಸಿದೆನೆಂಬ ಅರ್ಥದ ಉತ್ತರ ಕೊಡುತ್ತಾಳೆ. ಪ್ರಶ್ನೆಯ ಕಟುವನ್ನು ಬದಿಗಿಟ್ಟು ಅದರ ತಿರುಳನ್ನು ಮಾತ್ರ ಕೈಗೆತ್ತಿಕೊಳ್ಳುತ್ತಾಳೆ. ಕೊನೆಗೆ ಅಲ್ಲಮನೇ ಮೊದಲಾಗಿ ಶರಣರೆಲ್ಲರೂ ಅವಳ ಹಿರಿಮೆಯನ್ನು ಕೊಂಡಾಡುತ್ತಾರೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಅಲ್ಲಮ ಕೇಳಿದ ಪ್ರಶ್ನೆ ಸಭೆಯಲ್ಲಿ ಹಲವರ ಮನಸ್ಸಿನಲ್ಲಿ ಇದ್ದದ್ದೇ. ಅವನು ಬಾಯಿ ಬಿಟ್ಟು ಕೇಳಿದ್ದರಿಂದ ಅಕ್ಕನಿಗೆ ಉತ್ತರ ಹೇಳುವ ಅವಕಾಶ ದೊರೆಯಿತು. ಕೇಳದೆ ಉಳಿದ ಅನುಮಾನ ಸಭೆ ಮುಗಿದ ಮೇಲೆ ಬೀದಿಯಲ್ಲಿ ಮಾತಾಗುತ್ತದೆ. ಅಲ್ಲಿ ಉತ್ತರ ಹೇಳಲು ನೀವು ಇರುವುದಿಲ್ಲ. ಹಾಗೆ ನೋಡಿದರೆ ಕಷ್ಟದ ಪ್ರಶ್ನೆ ಕೇಳುವವರು ನಿಮಗೆ ಉಪಕಾರವನ್ನೇ ಮಾಡುತ್ತಾರೆ.

ಮಾಡಿ ನೋಡಿ

ಮುಂದಿನ ಸಲ ಪ್ರಬಂಧ ಮಂಡಿಸುವ ಮುನ್ನ ಹೀಗೆ ಮಾಡಿ. ಮೂವರು ಗೆಳೆಯರನ್ನು ಕೂರಿಸಿಕೊಂಡು ಭಾಷಣ ಓದಿ. ಒಬ್ಬರು ಇಸವಿ, ಹೆಸರು, ಅಂಕಿಗಳ ಬಗ್ಗೆಯೇ ಕೇಳಲಿ. ಇನ್ನೊಬ್ಬರು ನಿಮ್ಮ ನಿಲುವನ್ನು ಒಪ್ಪದವರಂತೆ ಕೇಳಲಿ. ಮೂರನೆಯವರು ವಿಷಯವೇ ತಿಳಿಯದ ಹಳ್ಳಿಯ ಅಜ್ಜಿಯಂತೆ ಕೇಳಲಿ. ಈ ಮೂರನೆಯ ಪ್ರಶ್ನೆಗಳೇ ಹೆಚ್ಚು ಕಷ್ಟ ಕೊಡುತ್ತವೆ ಎಂಬುದು ನಿಮಗೇ ತಿಳಿಯುತ್ತದೆ. ಪ್ರತಿ ಉತ್ತರವನ್ನೂ ಒಂದು ನಿಮಿಷದೊಳಗೆ ಮುಗಿಸಿ. ಉತ್ತರಿಸಲಾಗದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ಓದಿಗೆ ಆ ಹಾಳೆಯೇ ದಾರಿ.

"ಗೊತ್ತಿಲ್ಲ" ಎನ್ನಲು ನಾಚಿಕೆ ಬೇಡ. ಆದರೆ ಬರಿಯ "ಗೊತ್ತಿಲ್ಲ" ಅರ್ಧ ಉತ್ತರ. "ಇಷ್ಟು ಗೊತ್ತು, ಇದಕ್ಕಿಂತ ಮುಂದೆ ಗೊತ್ತಿಲ್ಲ, ಅದನ್ನು ಇಂಥ ಕಡೆ ಹುಡುಕಬೇಕು" ಎಂದರೆ ಪೂರ್ತಿ ಉತ್ತರ.

ಕನ್ನಡದಲ್ಲಿ 'ಸಮಾಧಾನ' ಎಂಬ ಮಾತಿಗೆ ಎರಡು ಅರ್ಥ. ಪ್ರಶ್ನೆಗೆ ಕೊಡುವ ಉತ್ತರವೂ ಸಮಾಧಾನ, ಮನಸ್ಸಿನ ನೆಮ್ಮದಿಯೂ ಸಮಾಧಾನ. ಸಭೆಯ ಮುಂದೆ ನಿಂತಾಗ ಈ ಎರಡೂ ಜೊತೆಯಾಗಿ ಇರಲಿ. ಅಧ್ಯಕ್ಷರು "ಪ್ರಶ್ನೆ ಕೇಳಬಹುದು" ಎಂದಾಗ ಕಾಗದವನ್ನು ಮೇಜಿನ ಮೇಲಿಟ್ಟು, ಒಮ್ಮೆ ಉಸಿರೆಳೆದುಕೊಂಡು, ತಲೆಯೆತ್ತಿ ಹೇಳಿ: "ಕೇಳಿ."